ಮುಂದಾಳುಗಳನ್ನು ಬೆಳೆಸುವ ಬಗೆ

(ರಾಜ್ಯೋತ್ಸವದ ಮುನ್ನ ಸಂಘದ ಕಾರ್ಯಕರ್ತರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಿದ್ಧತೆಯ ಗಡಿಬಿಡಿಯಲ್ಲಿ ಕಾರ್ಯದರ್ಶಿಗಳು ನಮ್ಮನ್ನು ಕಂಡು, ‘ಮುಂದಾಳುಗಳನ್ನು ಬೆಳೆಸುವ ಬಗೆ ಹೇಗೆ ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕು’ ಎಂದು ಕೇಳಿಕೊಂಡರು. ಒಪ್ಪಿಕೊಂಡ ಮೇಲೆ ನಮಗೆ ಸಂಕೋಚವಾಯಿತು. ಏಕೆಂದರೆ ಈ ವಿಷಯದಲ್ಲಿ ನಾವು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಸೋತವನ ಅನುಭವವೂ ಒಂದು ಅನುಭವವೇ ಅಲ್ಲವೆ? ದಾರಿ ತಪ್ಪಿದವನಿಗೆ ತಪ್ಪುದಾರಿ ಯಾವುದೆಂಬುದಾದರೂ ಗೊತ್ತಿರುತ್ತದೆ. ಆ ಒಂದು ಅರ್ಹತೆಯನ್ನು ನಂಬಿ ತಮ್ಮ ಮುಂದೆ ನಿಂತಿದ್ದೇವೆ.

ಮುಂಬಯಿಯಲ್ಲಿ ಕನ್ನಡಿಗರ ಸಂಘಜೀವನ ಇಂದು ನಿನ್ನೆಯದಲ್ಲ. ಮೈಸೂರು ಅಸೋಸಿಯೇಷನ್ 1926ರಲ್ಲಿಯೂ, ಕರ್ನಾಟಕ ಸಂಘ 1933ರಲ್ಲಿಯೂ ಹುಟ್ಟಿದವು. ಹಗಲೆಲ್ಲ ಹೊಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಕನ್ನಡ ಕಲಿತ ಹುಡುಗರು ಮುಂದೆ ವಕೀಲರಾದರು, ಅಧ್ಯಾಪಕರಾದರು, ಸಂಸ್ಥೆಗಳ ಚುಕ್ಕಾಣಿ ಹಿಡಿದರು. ಆ ಪರಂಪರೆಯ ಮಕ್ಕಳು ನಾವು. ಇಂದು ನಮ್ಮ ಸಭೆಗಳಲ್ಲಿ ಮುಂದಿನ ಸಾಲುಗಳನ್ನು ನೋಡಿದರೆ ನೆರೆತ ತಲೆಗಳೇ ಕಾಣುತ್ತವೆ. ವರ್ಷಕ್ಕೊಮ್ಮೆ ನವೆಂಬರ್ 1ರಂದು ಧ್ವಜವೇರಿಸಿ, ಊಟ ಮಾಡಿ ಮನೆಗೆ ಹೋದರೆ ಸಂಘ ಉಳಿಯುವುದೆ? ಹತ್ತು ವರ್ಷಗಳ ನಂತರ ಈ ಸಭೆಯನ್ನು ಕರೆಯುವವರು ಯಾರು? ಈ ಪ್ರಶ್ನೆ ನಮ್ಮ ನಿದ್ದೆಯನ್ನು ಅನೇಕ ಸಲ ಕೆಡಿಸಿದೆ.

ಕೆಲವು ವರ್ಷಗಳ ಹಿಂದೆ ಇದೇ ಚಿಂತೆಯಿಂದ ನಾವು ತರುಣರ ತರಬೇತು ಶಿಬಿರವೊಂದನ್ನು ನಡೆಸಿದೆವು. 20ಕ್ಕೂ ಹೆಚ್ಚು ಜನ ತರುಣ ತರುಣಿಯರು ಬಂದರು. ಕಾರ್ಯಕ್ರಮವನ್ನು ನಾವೇ ಕುಳಿತು ಬರೆದೆವು. ಮೊದಲ ದಿನ ಭಾಷಣ ಮಾಡುವ ಕಲೆ, ಎರಡನೆಯ ದಿನ ಸಭೆ ನಡೆಸುವ ಕ್ರಮ, ಮೂರನೆಯ ದಿನ ಪ್ರತಿಯೊಬ್ಬರಿಂದಲೂ ವೇದಿಕೆಯ ಮೇಲೆ ಐದು ನಿಮಿಷದ ಭಾಷಣ. ಎಲ್ಲರಿಗೂ ಒಂದೇ ಪಾಠ, ಒಂದೇ ಪರೀಕ್ಷೆ. ಇದಕ್ಕಿಂತ ನ್ಯಾಯವಾದದ್ದು ಏನಿದೆ ಎಂದುಕೊಂಡು ಬೆನ್ನು ತಟ್ಟಿಕೊಂಡೆವು.

ಆ ಶಿಬಿರದಲ್ಲಿ ಒಬ್ಬ ಹುಡುಗನಿದ್ದ. ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವನು. ಮಾತು ಕಡಿಮೆ, ಕೇಳಿದರೆ ಉತ್ತರ, ಇಲ್ಲವಾದರೆ ಮೌನ. ಮೂರನೆಯ ದಿನ ಅವನ ಸರದಿ ಬಂದಾಗ, ‘ಇಂದು ಬೇಡ’ ಎಂದು ಕೈಮುಗಿದ. ನಾವು ಬಿಡಲಿಲ್ಲ. ‘ನೀರಿಗಿಳಿಯದೆ ಈಜು ಬಂದೀತೆ?’ ಎಂದು ನಗುತ್ತ ಅವನನ್ನು ವೇದಿಕೆಗೆ ಹತ್ತಿಸಿದೆವು. ಎರಡು ವಾಕ್ಯಗಳಾದ ಮೇಲೆ ಅವನ ಗಂಟಲು ಕಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವನು ಇಳಿದು, ಚೀಲ ತೆಗೆದುಕೊಂಡು ಹೋದವನು ಮತ್ತೆ ಸಂಘದ ಬಾಗಿಲು ತುಳಿಯಲಿಲ್ಲ. ‘ಹುರುಪು ಸಾಲದು’ ಎಂದು ನಾವು ತೀರ್ಪು ಕೊಟ್ಟು ಮರೆತೆವು.

ಅದೇ ಶಿಬಿರದಲ್ಲಿ ಇನ್ನೊಬ್ಬ ತರುಣ. ಬಾಯಿ ಬಿಟ್ಟರೆ ಮಾತಿನ ಹೊಳೆ. ಐದು ನಿಮಿಷ ಕೊಟ್ಟರೆ ಹದಿನೈದು ನಿಮಿಷ ಮಾತನಾಡಿ ಚಪ್ಪಾಳೆ ಗಿಟ್ಟಿಸಿದ. ಮರುವರ್ಷವೇ ಅವನ ಕೈಗೆ ಒಂದು ದೊಡ್ಡ ಸಮಾರಂಭವನ್ನು ಕೊಟ್ಟೆವು. ಸಮಾರಂಭ ಗದ್ದಲದಿಂದ ನಡೆಯಿತು. ಆದರೆ ವಂತಿಗೆಯ ರಸೀದಿಗಳು ಸರಿಯಾಗಿರಲಿಲ್ಲ. ಯಾರಿಂದ ಎಷ್ಟು ಬಂತು, ಯಾವುದಕ್ಕೆ ಎಷ್ಟು ಹೋಯಿತು ಎಂಬುದಕ್ಕೆ ಅವನಲ್ಲಿ ಲೆಕ್ಕವಿರಲಿಲ್ಲ. ಅವನು ಒಂದು ಕಾಸನ್ನೂ ಮುಟ್ಟಿದವನಲ್ಲವೆಂದು ನಾವು ಇಂದಿಗೂ ನಂಬಿದ್ದೇವೆ. ಆದರೂ ಮಹಾಸಭೆಯಲ್ಲಿ ಆಡಬಾರದ ಮಾತುಗಳು ಬಂದವು. ಅವನೂ ಮನಸ್ಸು ಮುರಿದು ದೂರವಾದ.

ಮೂರನೆಯವಳು ಆಸ್ಪತ್ರೆಯಲ್ಲಿ ದಾದಿ. ಮೊದಲ ದಿನ ಅವಳಷ್ಟು ಒಳ್ಳೆಯ ಪ್ರಶ್ನೆಗಳನ್ನು ಕೇಳಿದವರು ಬೇರೊಬ್ಬರಿಲ್ಲ. ಆದರೆ ನಮ್ಮ ಸಮಿತಿಯ ಸಭೆಗಳು ಯಾವಾಗಲೂ ಸಂಜೆ 7 ಗಂಟೆಗೆ. ವಾರ ಬಿಟ್ಟು ವಾರ ಅವಳಿಗೆ ರಾತ್ರಿಪಾಳಿ. ಮೂರು ಸಭೆಗಳಿಗೆ ಬಾರದಿದ್ದವರ ಹೆಸರನ್ನು ತೆಗೆಯಬೇಕೆಂಬ ನಿಯಮದಂತೆ ಅವಳ ಹೆಸರನ್ನು ತೆಗೆದೆವು. ನಿಯಮ ಉಳಿಯಿತು, ಕಾರ್ಯಕರ್ತೆ ಹೋದಳು.

ಈ ಮೂವರನ್ನು ಕುರಿತು ಮುಂದೆ ಬಹಳ ಯೋಚಿಸಿದೆವು. ಮೊದಲನೆಯವನಿಗೆ ಬೇಕಾದದ್ದು ಮಾತಿನ ಪಾಠವಲ್ಲ, ಸಣ್ಣದೊಂದು ಕೆಲಸ ಮತ್ತು ನಂಬಿಕೆ. ಎರಡನೆಯವನಿಗೆ ಮಾತಿನ ಪಾಠ ಬೇಕಾಗಿಯೇ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ರಸೀದಿ ಪುಸ್ತಕ ಹಿಡಿದು ಪಕ್ಕದಲ್ಲಿ ಕೂಡುವ ಒಬ್ಬ ಖಜಾಂಚಿ. ಮೂರನೆಯವಳಲ್ಲಿ ಕೊರತೆಯೇ ಇರಲಿಲ್ಲ. ಕೊರತೆ ಇದ್ದದ್ದು ನಮ್ಮ ಗಡಿಯಾರದಲ್ಲಿ. ಮೂವರಿಗೂ ಒಂದೇ ಔಷಧ ಕೊಟ್ಟ ವೈದ್ಯರಾದೆವು ನಾವು. ಐದು ಬೆರಳೂ ಸಮನಾಗಿರುವುದಿಲ್ಲವೆಂಬ ಗಾದೆಯನ್ನು ದಿನಕ್ಕೆ ಹತ್ತು ಸಲ ಹೇಳುವ ನಾವು, ಐದಕ್ಕೂ ಒಂದೇ ಉಂಗುರವನ್ನು ತೊಡಿಸಲು ಹೋದೆವು.

ಹಾಗಾದರೆ ಮುಂದಾಳು ಎಂದರೆ ಯಾರು? ಮಾತನಾಡುವವನೇ ಮುಂದಾಳು ಎಂಬ ಭ್ರಮೆ ನಮ್ಮಲ್ಲಿ ಬೇರೂರಿದೆ. ನಮ್ಮ ರಾಜ್ಯೋತ್ಸವದ ಹಿಂದಿರುವ ಇತಿಹಾಸವನ್ನೇ ಕೊಂಚ ನೋಡೋಣ. ಕರ್ನಾಟಕದ ಏಕೀಕರಣವನ್ನು ಒಂದೇ ಅಚ್ಚಿನ ಜನ ಸಾಧಿಸಿದರೆ? ಆಲೂರು ವೆಂಕಟರಾಯರು ಲೇಖನಿಯ ಮನುಷ್ಯ. 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನೂ, 1922ರಲ್ಲಿ ‘ಜಯಕರ್ನಾಟಕ’ ಪತ್ರಿಕೆಯನ್ನೂ ಹೊರತಂದು, ಹರಿದು ಹಂಚಿಹೋಗಿದ್ದ ಜನಕ್ಕೆ ತಾವು ಒಂದು ನಾಡಿನವರೆಂಬ ಅರಿವನ್ನು ಕೊಟ್ಟರು. ಡಾ. ನಾ. ಸು. ಹರ್ಡೀಕರರು ಸಂಘಟನೆಯ ಮನುಷ್ಯ. ವೈದ್ಯಶಿಕ್ಷಣ ಪಡೆದಿದ್ದ ಅವರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿ, ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡು ಸ್ವಯಂಸೇವಕರನ್ನು ಶಿಸ್ತಿನಲ್ಲಿ ತರಬೇತು ಮಾಡಿದರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿಯ ಕಾಂಗ್ರೆಸ್ಸಿನ ವ್ಯವಸ್ಥೆಯ ಭಾರವನ್ನು ಹೊತ್ತವರು ಗಂಗಾಧರರಾವ ದೇಶಪಾಂಡೆಯವರು. ಅಲ್ಲಿ ಹಾಡಿದ ನಾಡಗೀತೆಯನ್ನು ರಚಿಸಿದವರು ಹುಯಿಲಗೋಳ ನಾರಾಯಣರಾಯರು. 1953ರಲ್ಲಿ ಅದರಗುಂಚಿ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಕುಳಿತರು. ಹಳೆಯ ಮೈಸೂರಿನಲ್ಲಿ ಅನೇಕರು ಏಕೀಕರಣಕ್ಕೆ ಅಡ್ಡ ನಿಂತಾಗ, ಅಧಿಕಾರದಲ್ಲಿದ್ದ ಕೆಂಗಲ್ ಹನುಮಂತಯ್ಯನವರು ಅದರ ಪರವಾಗಿ ನಿಂತರು. 1956ರ ನವೆಂಬರ್ 1ರಂದು ಒಂದುಗೂಡಿದ ರಾಜ್ಯಕ್ಕೆ ನಿಜಲಿಂಗಪ್ಪನವರು ಮೊದಲ ಮುಖ್ಯಮಂತ್ರಿಗಳಾದರು. 1973ರಲ್ಲಿ ಅದಕ್ಕೆ ಕರ್ನಾಟಕವೆಂದು ಹೆಸರಾಯಿತು.

ಒಬ್ಬ ಬರೆದ, ಒಬ್ಬ ಕಟ್ಟಿದ, ಒಬ್ಬ ಹಾಡು ಕೊಟ್ಟ, ಒಬ್ಬ ಹಸಿದು ಕುಳಿತ, ಒಬ್ಬ ಆಳಿದ. ಆಲೂರರನ್ನು ಕವಾಯತಿಗೆ ನಿಲ್ಲಿಸಿ, ಹರ್ಡೀಕರರನ್ನು ಗ್ರಂಥ ಬರೆಯಲು ಕೂರಿಸಿದ್ದರೆ ಎರಡು ಕೆಲಸಗಳೂ ಕೆಡುತ್ತಿರಲಿಲ್ಲವೆ? ಇವರೆಲ್ಲರೂ ಮುಂದಾಳುಗಳೇ ಎಂದು ಒಪ್ಪಿದ ಮೇಲೆ, ಇಂಥವರನ್ನು ಬೆಳೆಸುವ ದಾರಿಯೂ ಒಂದೇ ಆಗಿರಲಾರದೆಂಬುದನ್ನು ಒಪ್ಪಲೇಬೇಕಾಗುತ್ತದೆ.

ಈ ಮಾತು ನಮ್ಮ ಗುರುಪರಂಪರೆಗೆ ಹೊಸದಲ್ಲ. ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವರು, 1886ರಿಂದ 1952ರ ವರೆಗೆ ಬದುಕಿದ್ದ ಕಿರಾಣಾ ಘರಾಣೆಯ ದೊಡ್ಡ ಗಾಯಕರು. ಅವರ ಶಿಷ್ಯರಲ್ಲಿ ಮೂವರನ್ನು ನೋಡಿ. ಭೀಮಸೇನ ಜೋಶಿಯವರು ಹಾಡಿನ ಹುಚ್ಚಿನಿಂದ ಮನೆ ಬಿಟ್ಟು ಹೋಗಿದ್ದ ಹುಡುಗ. ಗುರುಗಳ ಮನೆಯಲ್ಲಿಯೇ ಇದ್ದು, ಮನೆಗೆಲಸ ಮಾಡುತ್ತ ಕಲಿತರು. ಗಂಗೂಬಾಯಿ ಹಾನಗಲ್ಲರು ಸಂಸಾರದ ಭಾರ ಹೊತ್ತ ಹೆಣ್ಣುಮಗಳು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತರು. ಫಿರೋಜ್ ದಸ್ತೂರರು ನಮ್ಮ ಮುಂಬಯಿಯ ಪಾರ್ಸಿ, ಚಲನಚಿತ್ರಗಳಲ್ಲಿ ನಟಿಸಿದ್ದವರು. ಗಂಗೂಬಾಯಿಯವರ ಕಂಠ ಚಿಕಿತ್ಸೆಯೊಂದರ ಅನಂತರ ಗಡುಸಾಯಿತು. ಆ ಗಡುಸು ದನಿಯನ್ನು ಮತ್ತೆ ತೆಳುವಾಗಿಸಲು ಹೊರಡದೆ, ಅದರಲ್ಲಿಯೇ ಅವರು ತಮ್ಮ ಗಾಯನವನ್ನು ಕಟ್ಟಿದರು. ಮೂವರದೂ ಒಂದೇ ಘರಾಣೆ. ಆದರೆ ಒಬ್ಬರ ದನಿಯನ್ನು ಇನ್ನೊಬ್ಬರದೆಂದು ಯಾರೂ ತಪ್ಪು ತಿಳಿಯಲಾರರು. ಸ್ವರ ಎಲ್ಲರಿಗೂ ಒಂದೇ. ಅದನ್ನು ಹೊಂದಿಸುವ ಬಗೆ ಬೇರೆ. ಮುಂದಾಳುತನದ ತರಬೇತಿಗೂ ಇದೇ ಸೂತ್ರವೆಂದು ನಮ್ಮ ನಂಬಿಕೆ. ಭೀಮಸೇನರು ಗುರುಗಳ ನೆನಪಿಗಾಗಿ ಪುಣೆಯಲ್ಲಿ 1953ರಿಂದ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದು, ಗಾಯಕನೂ ಸಂಘಟಕನಾಗಬಲ್ಲನೆಂದು ತೋರಿಸಿದರು. ಅದನ್ನು ಅವರು ಕಲಿತದ್ದು ಭಾಷಣದ ಶಿಬಿರದಲ್ಲಂತೂ ಅಲ್ಲ.

ಇದನ್ನೆಲ್ಲ ಹೇಳಿದರೆ, ‘ನೀವು ಹಳೆಯ ಕಥೆ ಹೇಳುತ್ತೀರಿ, ಶಾಸ್ತ್ರ ಏನು ಹೇಳುತ್ತದೆ?’ ಎಂದು ನಮ್ಮ ತರುಣರು ಕೇಳಬಹುದು. ಅಮೆರಿಕದಲ್ಲಿ ಕುರ್ಟ್ ಲೆವಿನ್ ಮತ್ತು ಅವರ ಸಹೋದ್ಯೋಗಿಗಳು 1939ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದುದು. ಹತ್ತು ವರ್ಷದ ಹುಡುಗರ ಸಣ್ಣ ಸಣ್ಣ ಕೂಟಗಳಿಗೆ ಬೇರೆ ಬೇರೆ ಬಗೆಯ ಮುಂದಾಳುಗಳನ್ನು ಕೊಟ್ಟು ನೋಡಿದರು. ಒಬ್ಬ ಅಪ್ಪಣೆ ಕೊಡುವವನು, ಒಬ್ಬ ಎಲ್ಲರನ್ನೂ ಕೇಳಿ ನಡೆಸುವವನು, ಒಬ್ಬ ಸುಮ್ಮನೆ ಬಿಟ್ಟುಬಿಡುವವನು. ಅಪ್ಪಣೆಯ ಮುಂದಾಳು ಕೋಣೆಯಿಂದ ಹೊರಗೆ ಹೋದೊಡನೆ ಕೆಲಸ ಕುಸಿಯಿತು. ಕೇಳಿ ನಡೆಸುವವನು ಹೋದಾಗ ಕೆಲಸ ನಡೆದೇ ಇತ್ತು. ಇದನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಮನಸ್ಸನ್ನು ಹಿಡಿದದ್ದು ಬೇರೊಂದು ಸಂಗತಿ. 20 ಹುಡುಗರಲ್ಲಿ 19 ಮಂದಿ ಅಪ್ಪಣೆಯವನಿಗಿಂತ ಕೇಳಿ ನಡೆಸುವವನನ್ನೇ ಮೆಚ್ಚಿದರು; ಒಬ್ಬ ಮಾತ್ರ ಅಪ್ಪಣೆಯವನನ್ನೇ ಮೆಚ್ಚಿದ. ಅವನು ಸೈನ್ಯಾಧಿಕಾರಿಯೊಬ್ಬರ ಮಗ. 19 ಜನರ ಮೇಲೆ ನಿಯಮವನ್ನು ಕಟ್ಟಬಹುದು, ತಪ್ಪಲ್ಲ. ಆದರೆ ಆ ಇಪ್ಪತ್ತನೆಯವನನ್ನು ಏನು ಮಾಡುತ್ತೀರಿ? ಅವನೂ ನಮ್ಮ ಸಂಘದ ಸದಸ್ಯನೇ ತಾನೆ?

ಮಾತು ಕಡಿಮೆಯಿರುವವರ ವಿಷಯವಾಗಿ 2011ರಲ್ಲಿ ಆಡಮ್ ಗ್ರಾಂಟ್ ಮೊದಲಾದ ಮೂವರು ವಿದ್ವಾಂಸರು ಮಾಡಿದ ಅಧ್ಯಯನವೂ ಗಮನಾರ್ಹ. ಅಮೆರಿಕದ ಪಿಜ್ಜಾ ಅಂಗಡಿಗಳನ್ನು ಪರೀಕ್ಷಿಸಿದಾಗ, ನೌಕರರು ತಾವಾಗಿ ಮುಂದೆ ಬಂದು ಸಲಹೆ ಕೊಡದಿರುವಲ್ಲಿ ಮಾತುಗಾರ ಮೇಲಾಳಿದ್ದರೆ ವ್ಯಾಪಾರ ಚೆನ್ನಾಗಿತ್ತು; ನೌಕರರೇ ಹುರುಪಿನವರಾಗಿರುವಲ್ಲಿ ಮಾತಿನ ಮೇಲಾಳಿಗಿಂತ ಮೌನಿಯಾದ ಮೇಲಾಳೇ ಮೇಲಾದನು. ಕೇಳುವ ಕಿವಿ ಅವನಿಗಿತ್ತು. ನಾವು ವೇದಿಕೆಯಿಂದ ಇಳಿಸಿ ಕಳಿಸಿದ ಆ ಹುಡುಗನ ನೆನಪು ನಮಗೆ ಆಗ ಬಂದಿತು.

ಇನ್ನೊಂದು ಮಾತನ್ನು ಹರ್ಸಿ ಮತ್ತು ಬ್ಲಾಂಚರ್ಡ್ ಎಂಬವರು 1969ರಲ್ಲಿ ಹೇಳಿದರು. ಹೊಸಬನಿಗೆ ಹೀಗೆ ಮಾಡು ಎಂದು ಬಿಡಿಸಿ ಹೇಳಬೇಕು. ಸ್ವಲ್ಪ ಪಳಗಿದವನಿಗೆ ಹೇಳುವುದರ ಜತೆಗೆ ಹುರಿದುಂಬಿಸಬೇಕು. ಬಲ್ಲವನಾಗಿಯೂ ಅಳುಕುವವನಿಗೆ ಬೆಂಬಲ ಸಾಕು. ಬಲ್ಲವನೂ ಧೈರ್ಯವಂತನೂ ಆದವನಿಗೆ ಕೆಲಸ ಒಪ್ಪಿಸಿ ನಾವು ಪಕ್ಕಕ್ಕೆ ಸರಿಯಬೇಕು. ಈ ಸೂತ್ರಕ್ಕೆ ಪರೀಕ್ಷೆಗಳಲ್ಲಿ ಪೂರ್ಣ ಸಮರ್ಥನೆ ದೊರೆತಿಲ್ಲವೆಂಬುದನ್ನೂ ಹೇಳಬೇಕು. ಆದರೂ ವ್ಯವಹಾರದ ವಿವೇಕ ಅದರಲ್ಲಿದೆ. ಒಬ್ಬನೇ ಮನುಷ್ಯ ಒಂದು ಕೆಲಸದಲ್ಲಿ ಹಳಬ, ಇನ್ನೊಂದರಲ್ಲಿ ಹೊಸಬ ಆಗಿರುತ್ತಾನೆ. ನಮ್ಮ ಮಾತುಗಾರ ತರುಣನು ವೇದಿಕೆಯಲ್ಲಿ ಹಳಬ, ಲೆಕ್ಕದಲ್ಲಿ ಎಳೆಯ ಕೂಸು. ಅದನ್ನು ಕಾಣದೆ ಹೋದದ್ದು ನಮ್ಮ ತಪ್ಪು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ವ್ಯಕ್ತಿಭೇದ ಎಂದೊಡನೆ ಜನರಿಗೆ ಚೀಟಿ ಅಂಟಿಸುವ ಚಾಳಿ ಹುಟ್ಟುತ್ತದೆ. ‘ಇವನು ಕಣ್ಣಿನಿಂದ ಕಲಿಯುವವನು, ಅವಳು ಕಿವಿಯಿಂದ ಕಲಿಯುವವಳು’ ಎಂದು ವಿಂಗಡಿಸಿ ಪಾಠ ಮಾಡಬೇಕೆಂಬ ವಾದ ಬಹಳ ಕಾಲ ನಡೆಯಿತು. ಹೆರಾಲ್ಡ್ ಪ್ಯಾಶ್ಲರ್ ಮೊದಲಾದ ನಾಲ್ವರು ಮನಶ್ಶಾಸ್ತ್ರಜ್ಞರು 2008ರಲ್ಲಿ ಈ ವಾದದ ಆಧಾರಗಳನ್ನೆಲ್ಲ ಪರಿಶೀಲಿಸಿ, ಅದನ್ನು ನಂಬಿ ಪಾಠಕ್ರಮವನ್ನು ಬದಲಿಸಲು ಸಾಕಾದ ಪುರಾವೆ ಇಲ್ಲವೆಂದು ತೀರ್ಮಾನಿಸಿದರು. ಆದ್ದರಿಂದ ನಾವು ಗಮನಿಸಬೇಕಾದ ಭೇದಗಳು ಅಂಥವಲ್ಲ. ಈತನಿಗೆ ಈ ಕೆಲಸ ಎಷ್ಟು ಗೊತ್ತು? ಇದರಲ್ಲಿ ಮನಸ್ಸು ಎಷ್ಟಿದೆ? ಬಿಡುವು ಯಾವಾಗ, ಮನೆಯ ಭಾರ ಎಂಥದು? ಯಾವುದರಲ್ಲಿ ಅಳುಕು? ಈ ನಾಲ್ಕನ್ನು ತಿಳಿಯಲು ಯಾವ ಯಂತ್ರವೂ ಬೇಡ. ಒಂದು ಲೋಟ ಚಹಾ ಮತ್ತು ಅರ್ಧ ಗಂಟೆಯ ಮಾತು ಸಾಕು. ಆದರೆ ಆ ಅರ್ಧ ಗಂಟೆಯಲ್ಲಿ ನಾವು ಕಡಿಮೆ ಮಾತನಾಡಬೇಕು. ನಮ್ಮಂಥವರಿಗೆ ಕಷ್ಟವಾದುದು ಅದೊಂದೇ!

ಈ ವಿಚಾರಕ್ಕೆ ಆಕ್ಷೇಪಗಳಿಲ್ಲವೆ? ಇವೆ. ಮೊದಲನೆಯದು, ‘ಒಬ್ಬೊಬ್ಬರಿಗೆ ಒಂದೊಂದು ಎಂದರೆ ಶಿಸ್ತು ಹೇಗೆ ಉಳಿದೀತು? ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾದೀತು’ ಎಂಬುದು. ಈ ಭಯ ಸುಳ್ಳಲ್ಲ. ಆದ್ದರಿಂದ ಕೆಲವು ಸಂಗತಿಗಳು ಎಲ್ಲರಿಗೂ ಒಂದೇ ಆಗಿರಬೇಕು. ಬಂದ ಹಣಕ್ಕೆ ಅಂದೇ ರಸೀದಿ, ಆದ ಖರ್ಚಿಗೆ ಚೀಟಿ; ಹೇಳಿದ ವೇಳೆಗೆ ಹಾಜರಿ, ಬರಲಾಗದಿದ್ದರೆ ಮೊದಲೇ ತಿಳಿಸುವುದು; ಜಾತಿ, ಜಿಲ್ಲೆ, ಮನೆಮಾತುಗಳ ಭೇದವಿಲ್ಲದೆ ಎಲ್ಲರಿಗೂ ಮರ್ಯಾದೆ. ಇವುಗಳಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಗುರಿ ಒಂದು, ಕಟ್ಟಳೆ ಒಂದು. ಕಲಿಸುವ ದಾರಿ ಮಾತ್ರ ಹಲವು.

ಎರಡನೆಯ ಆಕ್ಷೇಪ, ‘ಇದರಿಂದ ಪಕ್ಷಪಾತವಾಗುತ್ತದೆ’ ಎಂಬುದು. ಒಬ್ಬನಿಗೆ ಸಮಾರಂಭ ಕೊಟ್ಟು ಇನ್ನೊಬ್ಬನಿಗೆ ಕಪಾಟಿನ ಬೀಗದ ಕೈ ಕೊಟ್ಟರೆ, ‘ನನ್ನನ್ನು ಮೂಲೆಗೆ ಹಾಕಿದರು’ ಎನಿಸುವುದು ಸಹಜ. ಹೊಲ ಉಳುವ ರೈತರನ್ನು ನೋಡಿ. ಜೋಡಿಯಲ್ಲಿ ಒಂದು ಎತ್ತು ಬಲಹೀನವಾಗಿದ್ದರೆ, ನೊಗದಲ್ಲಿ ಅದರ ಕಡೆಗೆ ಹೆಚ್ಚು ಉದ್ದ ಬರುವಂತೆ ಕಟ್ಟುತ್ತಾರೆ. ಆಗ ಅದರ ಪಾಲಿನ ಭಾರ ಇಳಿಯುತ್ತದೆ, ಎರಡೂ ಸಮನಾಗಿ ನಡೆಯುತ್ತವೆ. ಅದು ಪಕ್ಷಪಾತವಲ್ಲ, ಉಳುಮೆ ನಡೆಯಲೆಂದು ಮಾಡುವ ಉಪಾಯ. ಆದರೆ ಮನುಷ್ಯರು ಎತ್ತುಗಳಲ್ಲ. ಅವರಿಗೆ ಕಾರಣ ಹೇಳಬೇಕು. ಯಾರಿಗೆ ಯಾವ ಕೆಲಸ, ಏಕೆ, ಎಷ್ಟು ಕಾಲ, ಅನಂತರ ಏನು ಎಂಬುದನ್ನು ಎಲ್ಲರೆದುರು ಹೇಳಿದರೆ ಅರ್ಧ ಅಸಮಾಧಾನ ಅಲ್ಲಿಗೇ ತೀರುತ್ತದೆ.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ‘ಮೌನಿಯನ್ನು ಮೌನಿಯಾಗಿಯೇ ಬಿಡುವುದೆ? ಲೆಕ್ಕ ಬಾರದವನು ಎಂದೆಂದಿಗೂ ಲೆಕ್ಕ ಕಲಿಯಬಾರದೆ?’ ಖಂಡಿತ ಕಲಿಯಬೇಕು. ಸ್ವಭಾವವನ್ನು ಗೌರವಿಸುವುದೆಂದರೆ ಅದಕ್ಕೆ ಬೇಲಿ ಹಾಕುವುದಲ್ಲ. ಮೌನಿಗೆ ಮೊದಲು ಮೂವರ ಮುಂದೆ ವರದಿ ಓದಿಸಿ. ಆಮೇಲೆ ಹತ್ತು ಜನರ ಸಮಿತಿಯ ಮುಂದೆ. ಅವನೇ ಬಯಸಿದ ದಿನ ಮಹಾಸಭೆಯ ಮುಂದೆ. ನಾವು ಮಾಡಿದ ತಪ್ಪು ಅವನನ್ನು ನೀರಿಗಿಳಿಸಿದ್ದಲ್ಲ. ಮೆಟ್ಟಿಲುಗಳಿರುವಾಗ ಮೇಲಿನಿಂದ ನೂಕಿದ್ದು.

ಎಷ್ಟು ಕಲಿತರೂ ಎಲ್ಲ ಗುಣಗಳೂ ಒಬ್ಬನಲ್ಲಿಯೇ ಕೂಡಿಬರಲಾರವು. ಆಗ ಜೋಡಿ ಕಟ್ಟಬೇಕು. ಗುಜರಾತಿನ ಆನಂದದಲ್ಲಿ 1946ರಲ್ಲಿ ಆರಂಭವಾದ ಹಾಲಿನ ಸಹಕಾರ ಸಂಘದ ಕಥೆ ತಮಗೆಲ್ಲ ಗೊತ್ತು. ತ್ರಿಭುವನದಾಸ ಪಟೇಲರು ಹಳ್ಳಿಗರ ನಂಬಿಕೆ ಗಳಿಸಿದ್ದ ಜನನಾಯಕರು. 1949ರಲ್ಲಿ ಅಲ್ಲಿಗೆ ಬಂದ ವರ್ಗೀಸ್ ಕುರಿಯನ್ನರು ಕೇರಳದ ಎಂಜಿನಿಯರು, ವ್ಯವಹಾರದಲ್ಲಿ ಖಡಾಖಂಡಿ ಮನುಷ್ಯ. ಎಚ್. ಎಂ. ದಲಾಯರು ಎಮ್ಮೆಯ ಹಾಲನ್ನು ಪುಡಿ ಮಾಡುವ ತಂತ್ರವನ್ನು ಬಲ್ಲವರು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದರು, ಅಮುಲ್ ಬೆಳೆಯಿತು. ನಮ್ಮ ಮಾತುಗಾರ ತರುಣನ ಪಕ್ಕದಲ್ಲಿ ಆ ಲೆಕ್ಕದ ಹುಡುಗನನ್ನು ಅಂದು ಕೂರಿಸಿದ್ದರೆ ಇಬ್ಬರೂ ಇಂದು ನಮ್ಮಲ್ಲಿಯೇ ಇರುತ್ತಿದ್ದರು. ಇಬ್ಬರೂ ಒಂದೇ ಶಿಬಿರದಲ್ಲಿ, ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕುಳಿತಿದ್ದರು. ನಮಗೆ ಕಾಣಲಿಲ್ಲ.

ಈಗ ನಮ್ಮ ಊರಿನ ಸಂಗತಿಗೆ ಬರೋಣ. ಇಲ್ಲಿ ಸಂಘಕ್ಕೆ ಬರುವವರು ಎಂಥೆಂಥವರು? ಮನೆಯಲ್ಲಿ ತುಳುವೋ ಕೊಂಕಣಿಯೋ ಆಡಿ, ಹೊರಗೆ ಮರಾಠಿ ಹಿಂದಿ ಆಡಿ, ಕನ್ನಡವನ್ನು ಪ್ರೀತಿಸಿಯೂ ಅದರ ಅಕ್ಷರ ಬಾರದ ಮಕ್ಕಳಿದ್ದಾರೆ. ಅವರ ಕೈಗೆ ವರದಿ ಕೊಟ್ಟು ‘ಓದು’ ಎಂದರೆ ಅವಮಾನವಾಗುತ್ತದೆ. ಅವರಿಗೆ ನಾಟಕದ ವ್ಯವಸ್ಥೆಯನ್ನೋ, ಮೊಬೈಲಿನಲ್ಲಿ ಸದಸ್ಯರಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನೋ ಕೊಡಿ. ಕೆಲಸದ ಜತೆಗೆ ವಾರಕ್ಕೊಂದು ಗಂಟೆ ಅಕ್ಷರಾಭ್ಯಾಸ ನಡೆಯಲಿ. ಹೊಟೆಲಿನ ಗಲ್ಲಾದಲ್ಲಿ ಕೂಡುವ ತರುಣರಿದ್ದಾರೆ. ರಾತ್ರಿ 11ರ ತನಕ ಬಿಡುವಿಲ್ಲ, ಆದರೆ ನೂರು ಜನರ ಊಟದ ವ್ಯವಸ್ಥೆಯನ್ನು ಅವರಷ್ಟು ಬಲ್ಲವರು ನಮ್ಮಲ್ಲಿಲ್ಲ. ಅವರನ್ನು ಸಂಜೆಯ ಸಭೆಗೆ ಕರೆಯುವ ಬದಲು ಮಧ್ಯಾಹ್ನ ನಾವೇ ಹೋಗಿ ಕಾಣೋಣ. ಕಂಪ್ಯೂಟರಿನ ಕೆಲಸಕ್ಕೆಂದು ಹೊಸದಾಗಿ ಬಂದು ಎರಡು ಮೂರು ವರ್ಷಗಳಲ್ಲಿ ಬೇರೆ ಊರಿಗೆ ಹೋಗುವವರಿದ್ದಾರೆ. ಅವರಿಗೆ ಐದು ವರ್ಷದ ಪದವಿ ಬೇಡ, ಮೂರು ತಿಂಗಳಲ್ಲಿ ಮುಗಿಯುವ ಒಂದು ಕೆಲಸ ಕೊಡೋಣ. ಮಕ್ಕಳು ಶಾಲೆಗೆ ಹೋದ ಮೇಲೆ ಹಗಲು ಬಿಡುವಿರುವ ತಾಯಂದಿರಿದ್ದಾರೆ. ಅವರನ್ನು ಆರತಿ ರಂಗೋಲಿಗಳಿಗೆ ಮಾತ್ರ ಕರೆದು, ಸಮಿತಿಯ ಮೇಜಿಗೆ ಕರೆಯದಿರುವುದು ನಮ್ಮ ಹಳೆಯ ಪಾಪ.

ಕ್ರಮ ಬಹಳ ಸರಳವಾದುದು. ಮೊದಲು ಒಬ್ಬೊಬ್ಬರೊಡನೆಯೂ ಬಿಡಿಯಾಗಿ ಮಾತು. ಆಮೇಲೆ ಅವರಿಗೆ ಒಗ್ಗುವ, ಆದರೆ ಕೊಂಚ ಭಾರವೆನಿಸುವ ಒಂದು ಕೆಲಸ, ಅದಕ್ಕೊಂದು ತಾರೀಖು. ಜತೆಗೆ ಒಬ್ಬ ಹಿರಿಯರು. ಅವರು ಕೆಲಸ ಮಾಡಕೂಡದು, ಕೇಳಿದಾಗ ಮಾತ್ರ ಹೇಳಬೇಕು. ಮೂರು ತಿಂಗಳಿಗೊಮ್ಮೆ ಕೂಡಿ, ಏನು ನಡೆಯಿತು, ಏನು ಕೆಟ್ಟಿತು, ಮುಂದೆ ಏನು ಎಂದು ನೋಡುವುದು. ಕೆಟ್ಟಿದ್ದರೆ ಅದನ್ನು ನಾಲ್ಕು ಗೋಡೆಗಳ ಒಳಗೆ ಹೇಳುವುದು, ಒಳಿತಾಗಿದ್ದರೆ ಸಭೆಯಲ್ಲಿ ಹೇಳುವುದು. ಇಷ್ಟೇ. ಶಿಬಿರಗಳು ಬೇಡವೆಂದು ನಾವು ಹೇಳುವುದಿಲ್ಲ. ಶಿಬಿರ ಒಂದು ದಿನದ್ದು, ತರಬೇತು ವರ್ಷವಿಡೀ ನಡೆಯತಕ್ಕದ್ದು.

ಕೊನೆಯದಾಗಿ ಒಂದು ಮಾತು. ಆಡಲು ತುಸು ಕಹಿಯಾದುದು. ಆ ಶಿಬಿರದ ಕಾರ್ಯಕ್ರಮದಲ್ಲಿ ಭಾಷಣಕ್ಕೇ ಏಕೆ ಅಷ್ಟು ಸ್ಥಾನ ಕೊಟ್ಟೆವು? ಬಹಳ ದಿನ ನಮ್ಮನ್ನು ನಾವೇ ಕೇಳಿಕೊಂಡ ಮೇಲೆ ಉತ್ತರ ಹೊಳೆಯಿತು. ನಾವು ಮೇಲೆ ಬಂದದ್ದು ಭಾಷಣದಿಂದ. ಆದ್ದರಿಂದ ಅದೊಂದೇ ದಾರಿ ಎಂದು ಬಗೆದೆವು. ಸಂಘಕ್ಕೆ ಮುಂದಾಳುಗಳನ್ನು ಬೆಳೆಸುತ್ತಿದ್ದೇವೆಂದುಕೊಂಡು, ನಮ್ಮವೇ ಪ್ರತಿಗಳನ್ನು ತೆಗೆಯಲು ಹೊರಟಿದ್ದೆವು. ನಮ್ಮ ಹಾಗಿದ್ದವನನ್ನು ಮೆಚ್ಚಿದೆವು, ನಮ್ಮ ಹಾಗಿಲ್ಲದವನನ್ನು ಕಳೆದುಕೊಂಡೆವು. ಅದಕ್ಕಿಂತ ಮಿಗಿಲಾಗಿ, ಅವರನ್ನು ಬೆಳೆಸುತ್ತೇವೆಂದು ಹೇಳುತ್ತಲೇ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದು ಕುಳಿತಿದ್ದೆವು. ದೊಡ್ಡ ಆಲದ ಅಡಿಯಲ್ಲಿ ಸಸಿ ಏಕೆ ಚಿಗುರಲಿಲ್ಲವೆಂದು ಸಸಿಯನ್ನು ಬೈದರೆ ಏನು ಬಂತು? ಹಿರಿಯರಾದ ನಾವು ಪದವಿ ಬಿಡುವ ತಾರೀಖನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಾವು ಬರುವ ಮಹಾಸಭೆಗೆ ನಮ್ಮ ಪದವಿಯನ್ನು ಬಿಡುತ್ತೇವೆಂದು ತಮ್ಮೆಲ್ಲರ ಮುಂದೆ ಹೇಳಿ, ಮಾತಿಗೆ ಕಟ್ಟುಬೀಳುತ್ತೇವೆ.

ಆ ಲೆಕ್ಕದ ಹುಡುಗನ ಕಥೆ ಅರ್ಧಕ್ಕೆ ನಿಂತಿತು. ಕಳೆದ ವರ್ಷ ಒಬ್ಬ ಹಿರಿಯ ಸದಸ್ಯರು ತೀರಿಕೊಂಡಾಗ ಅವರ ಚಾಳಿಗೆ ಹೋಗಿದ್ದೆವು. ಅಲ್ಲಿ ಎಲ್ಲವೂ ಸದ್ದಿಲ್ಲದೆ ನಡೆಯುತ್ತಿತ್ತು. ಊರಿನಿಂದ ಬರುವವರನ್ನು ಸ್ಟೇಷನ್ನಿನಲ್ಲಿ ಎದುರುಗೊಳ್ಳಲು ಒಬ್ಬ, ಕಾಗದಪತ್ರಗಳಿಗೆ ಒಬ್ಬ, ಮನೆಯ ಹೆಂಗಸರಿಗೆ ಚಹಾ ಮಾಡಿಕೊಡಲು ಪಕ್ಕದ ಮನೆಯವರು. ಎಲ್ಲರೂ ಒಬ್ಬನ ಮುಖ ನೋಡುತ್ತಿದ್ದರು. ಅವನು ಕಣ್ಣಿನಲ್ಲಿಯೇ ಹೇಳುತ್ತಿದ್ದ. ಅವನೇ ಇವನು. ಚಾಳಿನ ನೀರಿನ ತಕರಾರು, ಗಣಪತಿಯ ವಂತಿಗೆ, ಮಕ್ಕಳ ಶಾಲೆಯ ಅರ್ಜಿ ಎಲ್ಲಕ್ಕೂ ವರ್ಷಗಳಿಂದ ಅವನೇ ಆಧಾರವೆಂದು ಅಲ್ಲಿಯವರು ಹೇಳಿದರು. ‘ಹುರುಪು ಸಾಲದು’ ಎಂದು ನಾವು ತೀರ್ಪು ಕೊಟ್ಟಿದ್ದವನು!

ಎರಡು ವಾರಗಳ ನಂತರ ಅವನ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಭಾಷಣ ಮಾಡಿಸುವುದಿಲ್ಲ ತಾನೆ, ಸರ್?’ ಎಂದು ಕೇಳಿದ. ಇಲ್ಲವೆಂದೆವು. ಈ ಸಲದ ರಾಜ್ಯೋತ್ಸವದ ಆಸನ, ಊಟ, ಖರ್ಚುವೆಚ್ಚಗಳ ಹೊಣೆ ಅವನದು. ಇಬ್ಬರು ಕಿರಿಯರನ್ನು ಜತೆಗೆ ಹಾಕಿಕೊಂಡು ಕೆಲಸ ಕಲಿಸುತ್ತಿದ್ದಾನೆ. ಇಂದೂ ಈ ಸಭಾಂಗಣದಲ್ಲಿ ಎಲ್ಲೋ ಹಿಂದೆ ನಿಂತಿದ್ದಾನೆ. ತಿರುಗಿ ನೋಡಬೇಡಿ, ಅವನಿಗೆ ಸಂಕೋಚವಾದೀತು. ಮಾತುಗಾರ ತರುಣನಿಗೂ ಆ ಸೋದರಿಗೂ ಕಾಗದ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಬರಲಿ ಎಂದು ಕಾಯುತ್ತಿದ್ದೇವೆ. ಬಾರದಿದ್ದರೆ ಅವರ ಮನೆಗೂ ಹೋಗುತ್ತೇವೆ.

ತಮ್ಮ ತಮ್ಮ ಬಡಾವಣೆಗಳಲ್ಲಿ, ಚಾಳುಗಳಲ್ಲಿ, ಕಚೇರಿಗಳಲ್ಲಿ ನಾವು ಹೀಗೆ ಕಳೆದುಕೊಂಡವರು ಯಾರಾದರೂ ಇದ್ದಾರೆಯೆ ಎಂದು ಈ ರಾಜ್ಯೋತ್ಸವದ ಮೊದಲು ಒಮ್ಮೆ ನೆನಪು ಮಾಡಿಕೊಳ್ಳಿ. ಒಬ್ಬೊಬ್ಬರು ಒಬ್ಬೊಬ್ಬರ ಮನೆಗೆ ಹೋಗಿ ಬನ್ನಿ. ಹೋಗುವಾಗ ಕಾರ್ಯಕ್ರಮದ ಪಟ್ಟಿಯನ್ನು ಒಯ್ಯಬೇಡಿ; ಕೇಳುವ ಕಿವಿಯನ್ನು ಮಾತ್ರ ಒಯ್ಯಿರಿ.